ತಂತಿ ಕಲಿಯಲು ಧಾರವಾಡಕ್ಕೆ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಈಗ ಒಂದು ನೋಟ ಸಾಮಾನ್ಯವಾಗಿದೆ. ಬೆನ್ನಿಗೆ ಕಪ್ಪು ಚೀಲದಲ್ಲಿ ಗಿಟಾರ್ ಹೊತ್ತ ಹುಡುಗನೊಬ್ಬ ಧಾರವಾಡದ ಬಸ್ಸಿಗೆ ಕಾಯುತ್ತ ನಿಂತಿರುತ್ತಾನೆ. ಹತ್ತಿ ಮಾರಲು ಬಂದ ರೈತರು, ಆಸ್ಪತ್ರೆಗೆ ಹೊರಟ ಮುದುಕಿಯರು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ‘ಇದೇನು ಹೊಸ ಹುಚ್ಚು’ ಎಂಬ ಭಾವ ಆ ನೋಟದಲ್ಲಿರುತ್ತದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ಇಂಥ ಹುಡುಗರಿದ್ದಾರೆ. ಈ ನಾಲ್ಕೂ ಊರುಗಳಿಗೆ ಇಂದಿಗೂ ರೈಲಿಲ್ಲ. ಸಂಗೀತ ಕಲಿಯಬೇಕೆಂದರೆ ಬಸ್ಸು ಹಿಡಿದು ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು.

ಇದು ನಿಜಕ್ಕೂ ಹೊಸ ಹುಚ್ಚೇ? ನಮಗೆ ಹಾಗನ್ನಿಸುವುದಿಲ್ಲ. ತಂತಿವಾದ್ಯ ಕಲಿಯಲು ಧಾರವಾಡದ ದಾರಿ ಹಿಡಿಯುವುದು ನಮ್ಮ ಸೀಮೆಯಲ್ಲಿ ಒಂದು ಶತಮಾನಕ್ಕೆ ಹತ್ತಿರವಾದ ರೂಢಿ. ಆ ದಾರಿಯ ಕೊನೆಯಲ್ಲಿ ಬಾಗಿಲು ತೆರೆದು ಕೂತಿದ್ದವರು ಯಾರು ಎಂಬುದನ್ನು ಹುಡುಗರೂ ಮರೆತಿದ್ದಾರೆ, ನಾವೂ ಮರೆತಿದ್ದೇವೆ.

ಮೊದಲು ಹೆಸರಿನ ಮಾತು. ಗಿಟಾರ್ ಎಂಬ ಪದ ಗ್ರೀಕರ ‘ಕಿಥಾರ’ದಿಂದ ಹೊರಟು, ಅರಬರ ಬಾಯಲ್ಲಿ ‘ಕೀತಾರ’ ಆಗಿ, ಸ್ಪೇನಿನಲ್ಲಿ ‘ಗಿತಾರ’ ಆಯಿತೆನ್ನುತ್ತಾರೆ. ನಮ್ಮ ಸಿತಾರ್ ಫಾರಸಿಯ ‘ಸೆಹ್ ತಾರ್’, ಅಂದರೆ ಮೂರು ತಂತಿ. ಅರಬರ ‘ಅಲ್ ಊದ್’ ಯುರೋಪಿಗೆ ಹೋಗಿ ‘ಲ್ಯೂಟ್’ ಆಯಿತು. ಹೀಗಾಗಿ ತಂತಿವಾದ್ಯಗಳಲ್ಲಿ ಇದು ದೇಶಿ, ಅದು ವಿದೇಶಿ ಎಂದು ಗೆರೆ ಎಳೆಯುವುದು ಕಷ್ಟ.

ಬಗ್ದಾದಿನಿಂದ ಹೊರಟ ಜಿರ್ಯಾಬ್ ಎಂಬ ಸಂಗೀತಗಾರ ಕ್ರಿ.ಶ. 822ರಲ್ಲಿ ಸ್ಪೇನಿನ ಕಾರ್ಡೊಬಾ ತಲುಪಿದ. ಅವನು ನಾಲ್ಕು ತಂತಿಯ ಊದ್‌ಗೆ ಐದನೆಯ ತಂತಿ ಸೇರಿಸಿದ, ಅಲ್ಲಿ ಸಂಗೀತಶಾಲೆಯೊಂದನ್ನು ತೆರೆದ ಎಂದು ಅರಬ್ ಇತಿಹಾಸಕಾರರು ಹೇಳುತ್ತಾರೆ. ಪರ ಊರಿಗೆ ಬಂದವನೊಬ್ಬ ವಾದ್ಯಕ್ಕೆ ತಂತಿ ಸೇರಿಸಿ, ಆ ಊರಿನ ಮಕ್ಕಳಿಗೆ ಶಾಲೆ ತೆರೆದ ಕಥೆ ಇದು. ಇದೇ ಕಥೆ ಧಾರವಾಡದಲ್ಲೂ ನಡೆದಿದೆ.

ಅಲ್ಲಿಗೆ ಹೋಗುವ ಮುನ್ನ ನಮ್ಮ ಸೀಮೆಯನ್ನೊಮ್ಮೆ ನೋಡಬೇಕು. ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿ ಆಡಳಿತ ಇಲ್ಲೆಲ್ಲ ಹಬ್ಬಿತ್ತು. ಎರಡನೆಯ ಇಬ್ರಾಹಿಂ ಆದಿಲ್ ಶಹಾ (1580–1627) ತನ್ನ ತಂಬೂರಕ್ಕೆ ‘ಮೋತಿ ಖಾನ್’ ಎಂದು ಹೆಸರಿಟ್ಟು, ಮನುಷ್ಯರಿಗೆ ಕೊಡುವ ಮರ್ಯಾದೆಯನ್ನು ಅದಕ್ಕೆ ಕೊಟ್ಟ. ದಖನಿ ಭಾಷೆಯಲ್ಲಿ ‘ಕಿತಾಬ್ ಎ ನೌರಸ್’ ರಚಿಸಿ ಸರಸ್ವತಿಯನ್ನೂ ಗೇಸೂದರಾಜರನ್ನೂ ಒಟ್ಟಿಗೆ ನೆನೆದ. ಆದರೆ ಅದು ಅರಮನೆಯ ಮಾತು. ಸುಲ್ತಾನನ ತಂಬೂರ ಕೇಳುವ ಭಾಗ್ಯ ಒಕ್ಕಲಿಗನ ಮಗನಿಗೂ ನೇಕಾರನ ಮಗನಿಗೂ ಇರಲಿಲ್ಲ.

ಅವರು ಕೇಳಿದ ತಂತಿ ಬೇರೆಯೇ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಕಂಕುಳಲ್ಲಿ ಚೌಡಿಕೆ ಇರುತ್ತದೆ. ಟೊಳ್ಳು ಮರದ ಕೊಳವೆ, ತಳಕ್ಕೆ ಬಿಗಿದ ತೊಗಲು, ಆ ತೊಗಲಿನಿಂದ ಹೊರಟ ಒಂದೇ ಒಂದು ತಂತಿ. ತಂತಿಯನ್ನು ಎಳೆದಂತೆ ಸ್ವರ ಏರುತ್ತದೆ, ಸಡಿಲಿಸಿದಂತೆ ಇಳಿಯುತ್ತದೆ. ಅದಕ್ಕೆ ಮೆಟ್ಟಿಲ್ಲ, ಗುರುತಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಕಿವಿಗೆ ಮಾತ್ರ ಗೊತ್ತು. ಇದನ್ನು ಕಲಿಸುವ ಕಾಲೇಜು ಇರಲಿಲ್ಲ. ಹಿರಿಯ ಜೋಗತಿಯ ಹಿಂದೆ ಊರೂರು ತಿರುಗಿದವರು ಕಲಿತರು.

ಇನ್ನು ಕಿತ್ತೂರು. 1824ರ ಅಕ್ಟೋಬರಿನಲ್ಲಿ ಚೆನ್ನಮ್ಮನ ಸೈನ್ಯ ಕಲೆಕ್ಟರ್ ಥ್ಯಾಕರೆಯನ್ನು ಕೊಂದಿತು; ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಈ ಇತಿಹಾಸ ನಮ್ಮ ಮಕ್ಕಳಿಗೆ ಬಾಯಿಪಾಠ. ಕಂಪನಿಯ ಆಡಳಿತ ಗಟ್ಟಿಯಾದಂತೆ ಈ ಭಾಗದಲ್ಲಿ ಕತ್ತಿಗೆ ಕೆಲಸ ಕಡಿಮೆಯಾಯಿತು. ಕತ್ತಿಗೆ ಕೆಲಸವಿಲ್ಲವಾದರೆ ಕತ್ತಿಗೆ ಸಾಣೆ ಹಿಡಿಯುವವನ ಹೊಟ್ಟೆಯ ಗತಿಯೇನು?

ಇದಕ್ಕೆ ಉತ್ತರ ಮಿರಜದಲ್ಲಿದೆ. ಆಗ ರಾಮದುರ್ಗದಂತೆ ಮಿರಜವೂ ದಕ್ಷಿಣ ಮರಾಠಾ ಸೀಮೆಯ ಒಂದು ಸಂಸ್ಥಾನ. ಅಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಂಬೂರಿ, ಸಿತಾರುಗಳನ್ನು ದುರಸ್ತಿ ಮಾಡುತ್ತ, ಕ್ರಮೇಣ ತಾವೇ ತಯಾರಿಸತೊಡಗಿದರು. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆವ ದೊಡ್ಡ ಸೋರೆ ಬುರುಡೆ ಆ ವಾದ್ಯಗಳ ಹೊಟ್ಟೆಯಾಯಿತು. ಉಕ್ಕಿನ ಅಂಚನ್ನು ಬೆರಳಲ್ಲೇ ಅಳೆಯುತ್ತಿದ್ದ ಕೈಗಳು ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ‘ಜವಾರಿ’ ತೆಗೆಯುವುದನ್ನು ಕಲಿತವು. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

1880ರ ದಶಕದಲ್ಲಿ ಮಿರಜ, ಬೆಳಗಾವಿ, ಧಾರವಾಡಗಳನ್ನು ಜೋಡಿಸಿ ರೈಲು ಓಡಿತು. ಆ ರೈಲಿನಲ್ಲಿ ವಾದ್ಯಗಳೂ ಬಂದವು, ಉಸ್ತಾದರೂ ಬಂದರು. ಆದರೆ ವಾದ್ಯ ಸಿಕ್ಕ ಮಾತ್ರಕ್ಕೆ ವಿದ್ಯೆ ಸಿಗುತ್ತಿರಲಿಲ್ಲ. ಘರಾಣೆಯ ವಿದ್ಯೆ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಹೊರಗಿನವನಾದರೆ ಕೈಗೆ ಗಂಡಾ ದಾರ ಕಟ್ಟಿಸಿಕೊಂಡು, ಉಸ್ತಾದರ ಮನೆಯ ನೀರು ಸೇದಿ, ಹುಕ್ಕಾ ತುಂಬಿ, ಅವರ ಮನಸ್ಸು ಕರಗುವ ದಿನಕ್ಕೆ ಕಾಯಬೇಕು. ಈ ಪದ್ಧತಿಯಲ್ಲಿ ದೊಡ್ಡ ಕಲಾವಿದರು ತಯಾರಾದರು, ಸುಳ್ಳಲ್ಲ. ಎಷ್ಟು ಮಂದಿ ಬಾಗಿಲಲ್ಲೇ ಉಳಿದರು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಈ ಬಾಗಿಲು ತೆರೆಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಕುರುಂದವಾಡದಲ್ಲಿ ಹುಟ್ಟಿ, ಮಿರಜದಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದರು. ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು, ಬಡ ಶಿಷ್ಯರನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. ಅವರು ಗಾಯಕರಾದರೂ ಬೀನ್ ಬಲ್ಲವರು, ವಾದ್ಯ ದುರಸ್ತಿಯಲ್ಲೂ ನುರಿತವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. 1937ರಲ್ಲಿ ಮದರಾಸಿನ ಕಡೆಯ ಪ್ರವಾಸದಲ್ಲಿ ರೈಲು ನಿಲ್ದಾಣವೊಂದರಲ್ಲಿ ಖಾನ್ ಸಾಹೇಬರು ಕೊನೆಯುಸಿರೆಳೆದರು. ಮಿರಜದ ಮೀರಾ ಸಾಹೇಬರ ದರ್ಗಾದಲ್ಲಿ ಅವರ ಸಮಾಧಿ ಇದೆ.

ಧಾರವಾಡದಲ್ಲಿ ಸಿತಾರಿನ ಬಾಗಿಲು ತೆರೆದವರು ಸಿತಾರ್ ರತ್ನ ರಹಿಮತ್ ಖಾನರು. ಬೀನ್‌ಕಾರ ಬಂದೇ ಅಲಿ ಖಾನರ ಪರಂಪರೆಗೆ ಸೇರಿದ ಇವರು ಧಾರವಾಡದಲ್ಲಿ ನೆಲೆಸಿ, 1931ರಲ್ಲಿ ಒಂದು ಸಂಗೀತಶಾಲೆ ಆರಂಭಿಸಿದರು. ಅದರ ಹೆಸರು ಭಾರತೀಯ ಸಂಗೀತ ವಿದ್ಯಾಲಯ. ಗಮನಿಸಬೇಕು: ಉಸ್ತಾದರು ತಮ್ಮ ಮನೆತನದ ಹೆಸರನ್ನಾಗಲಿ ಘರಾಣೆಯ ಹೆಸರನ್ನಾಗಲಿ ಶಾಲೆಗೆ ಇಡಲಿಲ್ಲ. ಒಬ್ಬರು ‘ಆರ್ಯ’ ಎಂದರು, ಇನ್ನೊಬ್ಬರು ‘ಭಾರತೀಯ’ ಎಂದರು. ಹೆಸರಿನ ಅರ್ಥವನ್ನು ಆಗ ಯಾರೂ ಇವರ ಬಳಿ ಪ್ರಮಾಣಪತ್ರವಾಗಿ ಕೇಳಿರಲಿಲ್ಲ. ಅವರೇ ಪ್ರೀತಿಯಿಂದ ಇಟ್ಟುಕೊಂಡದ್ದು.

ಸಿತಾರಿಗೆ ಖರಜದ ತಂತಿ ಸೇರಿಸಿ ತಂತಿಗಳ ಜೋಡಣೆಯನ್ನು ಬದಲಿಸಿದ ಶ್ರೇಯಸ್ಸೂ ರಹಿಮತ್ ಖಾನರಿಗೆ ಸಲ್ಲುತ್ತದೆ. ಖರಜ ಎಂದರೆ ಕೆಳಗಿನ, ಗಂಭೀರ ಸ್ವರ. ಬೀನಿನಲ್ಲಿ ಸಾಧ್ಯವಿದ್ದ ಆ ಆಳದ ಆಲಾಪ ಸಿತಾರಿಗೂ ಇಳಿಯಿತು. ಕಾರ್ಡೊಬಾದ ಜಿರ್ಯಾಬನಂತೆಯೇ ಒಂದು ತಂತಿ, ಒಂದು ಶಾಲೆ. 1954ರಲ್ಲಿ ಅವರು ತೀರಿಕೊಂಡರು. ಮಗ ಅಬ್ದುಲ್ ಕರೀಂ ಖಾನರು ವಿದ್ಯೆಯನ್ನು ಮುಂದುವರಿಸಿದರು. ಕೈರಾನಾದ ಗಾಯಕರ ಹೆಸರೇ ಇವರದೂ ಆದ್ದರಿಂದ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಮೊಮ್ಮಕ್ಕಳಲ್ಲಿ ಉಸ್ತಾದ್ ಬಾಲೇ ಖಾನರು (1942–2007) ನಾಡಿನಾಚೆಗೂ ಹೆಸರಾದರು. ಅವರ ತಮ್ಮಂದಿರೂ ಮುಂದಿನ ಪೀಳಿಗೆಯವರೂ ಸಿತಾರ್ ಹಿಡಿದೇ ಇದ್ದಾರೆ.

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ನಮ್ಮ ಬಾಲ್ಯದಲ್ಲಿ ಬಾಲೇ ಖಾನರ ಸಿತಾರ್ ನಮ್ಮ ಓಣಿಗೆ ಬಂದದ್ದು ಚಹದಂಗಡಿಯ ರೇಡಿಯೋದಿಂದ. ಯಾವ ರಾಗವೆಂದು ನಮಗೆ ತಿಳಿಯುತ್ತಿರಲಿಲ್ಲ. ‘ಖಾನರದು’ ಎಂದು ಅಂಗಡಿಯವ ಹೇಳುತ್ತಿದ್ದ, ಅಷ್ಟೆ. ಅಂಗಡಿಯವ ಲಿಂಗಾಯತ.

ಶಾಲೆಯಲ್ಲಿ ಕಲಿಕೆ ಹೇಗಿರುತ್ತದೆ? ಹೊರಗಿನವರಿಗೆ ಅದು ಹಾಡಿನ ಸಂಭ್ರಮವೆನಿಸಬಹುದು. ಒಳಗೆ ಮೊದಲು ಸಿಗುವುದು ನೋವು. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಗೆರೆ ಮೂಡುತ್ತದೆ; ಗೆರೆ ಒಡೆದು ರಕ್ತ ಬರುತ್ತದೆ; ವಾರಗಳು ಕಳೆದ ಮೇಲೆ ಅಲ್ಲಿ ಗಂಟು ಕಟ್ಟುತ್ತದೆ. ಬಲಗೈಯ ತೋರುಬೆರಳಿಗೆ ಮಿಜ್ರಾಬ್ ಎಂಬ ತಂತಿಯ ಉಗುರು. ಒಳಕ್ಕೆ ಹೊಡೆದರೆ ‘ದಾ’, ಹೊರಕ್ಕೆ ಹೊಡೆದರೆ ‘ರಾ’. ತಿಂಗಳುಗಟ್ಟಲೆ ದಾ ರಾ, ದಾ ರಾ. ಆಮೇಲೆ ಮೀಂಡ್: ಮೆಟ್ಟಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು. ಕೂದಲೆಳೆ ಹೆಚ್ಚಾದರೆ ಸ್ವರ ತಪ್ಪುತ್ತದೆ. ಇದರ ನಡುವೆ ಪರೀಕ್ಷೆಗಳು. 1931ರಲ್ಲೇ ರೂಪುಗೊಂಡ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಅದೂ ಒಂದು ಪರೀಕ್ಷೆ. ಕಿತ್ತೂರು, ಸವದತ್ತಿ, ಬೈಲಹೊಂಗಲದವರಿಗೆ ಮೂವತ್ತು ನಲವತ್ತು ಕಿಲೋಮೀಟರ್ ದಾರಿಯಾದರೆ ರಾಮದುರ್ಗದವರಿಗೆ ಹೆಚ್ಚುಕಡಿಮೆ ಅದರ ಎರಡು ಪಟ್ಟು.

ಪರೀಕ್ಷೆಯಿಂದ ಕಲಾವಿದ ಹುಟ್ಟುವುದಿಲ್ಲ ಎಂಬ ಟೀಕೆ ಹಳೆಯದು. ಅದರಲ್ಲಿ ಸತ್ಯವಿದೆ. ಆದರೆ ಅರ್ಜಿ ತುಂಬುವವನಿಗೆ ಯಾರ ಮಗನೆಂದು ಕೇಳದೆ ಪಾಠ ಸಿಗುವುದೆಂದರೆ ಸಣ್ಣ ಮಾತಲ್ಲ. 1970ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸಂಗೀತ ಕಾಲೇಜು ತೆರೆದು ಮಲ್ಲಿಕಾರ್ಜುನ ಮನ್ಸೂರರನ್ನು ಅದರ ಮುಖ್ಯಸ್ಥರನ್ನಾಗಿ ಕೂರಿಸಿದಾಗ ಈ ಬಾಗಿಲು ಇನ್ನಷ್ಟು ಅಗಲವಾಯಿತು.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಬೇಕು. ಖಾನ್ ಸಾಹೇಬರ ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೆ ನಮ್ಮ ಓಣಿಗಳಿಂದ ಹೋದವರು ಕಡಿಮೆ. ನಾವು ಉರ್ದು ಶಾಲೆಯಲ್ಲಿದ್ದಾಗ ಗೆಳೆಯನೊಬ್ಬ ಡಬ್ಬಿಗೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದು ಬಾರಿಸುತ್ತಿದ್ದ. ಕಿವಿ ಚುರುಕಾಗಿತ್ತು, ಕೇಳಿದ ಹಾಡನ್ನು ಮೂರು ಸ್ವರದಲ್ಲೇ ಹಿಡಿಯುತ್ತಿದ್ದ. ಮನೆಯವರು ಡಬ್ಬಿಯನ್ನು ಒಲೆಗೆ ಹಾಕಿದರು. ‘ಗುನಾಹ್’ ಎಂದರು ಒಬ್ಬರು, ‘ಹೊಟ್ಟೆಗೇನು ತಿಂತಾನ’ ಎಂದರು ಇನ್ನೊಬ್ಬರು. ನಾವು ಅವನ ಪರ ಒಂದು ಮಾತೂ ಆಡಲಿಲ್ಲ. ಅವನು ಈಗ ಗ್ಯಾರೇಜಿನಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಾನೆ.

ಸಂಗೀತ ಸಲ್ಲುವುದೋ ಇಲ್ಲವೋ ಎಂಬ ವಾದ ನಮ್ಮಲ್ಲಿ ಸಾವಿರ ವರ್ಷದಿಂದ ನಡೆದಿದೆ. ಅಲ್ ಫಾರಾಬಿ ಸಂಗೀತದ ಮೇಲೆ ಮಹಾಗ್ರಂಥವನ್ನೇ ಬರೆದ. ಇಮಾಮ್ ಗಜಾಲಿ ಸಮಾದ ಬಗ್ಗೆ ಒಂದು ಅಧ್ಯಾಯ ಬರೆದು ಎರಡೂ ಬದಿಯನ್ನು ತೂಗಿ ನೋಡಿದರು. ನಿರಾಕರಿಸಿದ ವಿದ್ವಾಂಸರೂ ಇದ್ದಾರೆ, ಅವರ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ವಾದ ಇನ್ನೂ ಮುಗಿಯದ ಕಡೆ ಮಗುವಿನ ಕೈಯಿಂದ ಡಬ್ಬಿ ಕಸಿಯುವ ಅವಸರ ನಮಗೇಕೆ? ಇತ್ತ ‘ಸಂಗೀತ ನಮ್ಮದು, ನಿಮ್ಮದಲ್ಲ’ ಎನ್ನುವ ಹೊಸ ದನಿಗಳೂ ಎದ್ದಿವೆ. ಒಬ್ಬರು ‘ಬೇಡ’ ಎನ್ನುತ್ತಾರೆ, ಇನ್ನೊಬ್ಬರು ‘ನಿಮ್ಮದಲ್ಲ’ ಎನ್ನುತ್ತಾರೆ. ಎರಡರ ನಡುವೆ ರಹಿಮತ್ ಖಾನರ ಹೆಸರು ಅಳಿಸಿಹೋಗುತ್ತದೆ.

ಗಿಟಾರ್ ಈ ಚರಿತ್ರೆಯೊಳಗೆ ಬಂದದ್ದು ತಡವಾಗಿ. ಮಡಿಲಲ್ಲಿ ಅಡ್ಡ ಮಲಗಿಸಿ, ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಹವಾಯಿ ಗಿಟಾರನ್ನು ಟಾವ್ ಮೋ ಎಂಬ ಕಲಾವಿದ 1929ರಲ್ಲಿ ಭಾರತಕ್ಕೆ ತಂದ. ಅವನು ಮುಂದೆ 1940ರ ದಶಕದಲ್ಲಿ ಕಲಕತ್ತೆಯಲ್ಲಿ ನೆಲೆಸಿ ಕಲಿಸಿದ. ಕಡ್ಡಿ ಜಾರಿದಂತೆ ಮೀಂಡ್ ತಾನಾಗಿ ಬರುವುದರಿಂದ ಈ ವಾದ್ಯ ನಮ್ಮ ರಾಗಗಳಿಗೆ ಒಗ್ಗಿತು. ಬ್ರಿಜ್‌ಭೂಷಣ ಕಾಬ್ರಾ ಅದನ್ನು ಶಾಸ್ತ್ರೀಯ ವೇದಿಕೆಗೆ ತಂದರು. 1967ರಲ್ಲಿ ಸಂತೂರ್, ಕೊಳಲುಗಳ ಜೊತೆ ಅವರ ಗಿಟಾರ್ ಇದ್ದ ಧ್ವನಿಮುದ್ರಿಕೆ ಮನೆಮನೆ ತಲುಪಿತು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಸೇರಿಸಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪಡೆದರು. ಮತ್ತೆ ಅದೇ ಕಥೆ: ಹೊರಗಿನಿಂದ ಬಂದ ವಾದ್ಯ, ಸೇರಿಸಿದ ತಂತಿ. ಸಿತಾರಿಗೆ ಬಂದ ಪರೀಕ್ಷೆಗಳು ಈಗ ಗಿಟಾರಿಗೂ ಇವೆ.

ಹಾಗೆಂದು ಎಲ್ಲ ತಂತಿಗಳಿಗೂ ಬಾಗಿಲು ತೆರೆಯಿತೇ? ಸವದತ್ತಿಯ ಚೌಡಿಕೆ ಧಾರವಾಡದ ತರಗತಿಗಳ ಹೊರಗೇ ಉಳಿಯಿತು. ಅದನ್ನು ಹಿಡಿದವರು ದಲಿತ ಹೆಣ್ಣುಮಕ್ಕಳು, ಮಂಗಳಮುಖಿಯರು, ದೇವರ ಹೆಸರಿನಲ್ಲಿ ಬಾಳು ಕಳಕೊಂಡವರು. 1982ರ ಕಾಯಿದೆ ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ನಿಷೇಧಿಸಿತು, ಅದು ಆಗಲೇಬೇಕಿತ್ತು. ಆದರೆ ಪದ್ಧತಿ ಬೇರೆ, ಅವರ ಬೆರಳಿನಲ್ಲಿದ್ದ ವಿದ್ಯೆ ಬೇರೆ ಎಂದು ಬಿಡಿಸಿ ನೋಡಲು ನಮಗೆ ತಡವಾಯಿತು. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. 2019ರಲ್ಲಿ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂದು ತಂತಿಯೂ ವಿದ್ಯೆಯೇ ಎಂದು ಒಪ್ಪಲು ನಮಗೆ ಇಷ್ಟು ಕಾಲ ಬೇಕಾಯಿತು.

ಬೈಲಹೊಂಗಲದ ಆ ಹುಡುಗ ಬಸ್ಸು ಹತ್ತುತ್ತಾನೆ. ಗಿಟಾರನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಿಟಕಿಯ ಬಳಿ ಕೂರುತ್ತಾನೆ. ಅವನು ಯಾರ ಮಗನೆಂದು ನಾವು ಕೇಳಿಲ್ಲ. ಧಾರವಾಡದಲ್ಲಿಳಿದ ಮೇಲೆ ಅವನ ಗುರುಗಳಾದರೂ ಒಂದು ದಿನ, ದಾ ರಾ ಪಾಠದ ನಡುವೆ, 1931ರಲ್ಲಿ ಈ ಊರಿನಲ್ಲಿ ಬಾಗಿಲು ತೆರೆದವರ ಹೆಸರು ಹೇಳಲಿ ಎಂಬುದು ನಮ್ಮ ಆಸೆ.