ಜೋಹಾನ್ಸ್‌ಬರ್ಗ್‌ನ ಡ್ರಿಲ್ ಹಾಲ್: ಕವಾಯತು ಭವನದಿಂದ ಜನರ ಅಂಗಳಕ್ಕೆ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದ ನಡುಭಾಗದಲ್ಲಿ, ಜೂಬರ್ಟ್ ಪಾರ್ಕ್ ಬಡಾವಣೆಯಲ್ಲಿ, ಡ್ರಿಲ್ ಹಾಲ್ ಎಂಬ ಹಳೆಯ ಸೇನಾ ಕಟ್ಟಡ ಸಮುಚ್ಚಯವಿದೆ. ಸಮೀಪದಲ್ಲೇ ನೂರ್ಡ್ ಬೀದಿಯ ಟ್ಯಾಕ್ಸಿ ನಿಲ್ದಾಣ. ಟ್ಯಾಕ್ಸಿ ಎಂದರೆ ಅಲ್ಲಿ ನಮ್ಮ ಮ್ಯಾಕ್ಸಿಕ್ಯಾಬ್‌ನಂತೆ ಹತ್ತಾರು ಮಂದಿಯನ್ನು ತುಂಬಿಕೊಂಡು ಓಡುವ ವಾಹನ. ದೂರದ ಬಡಾವಣೆಗಳಿಂದ ಕೆಲಸಕ್ಕೆ ಬರುವ ಅಸಂಖ್ಯ ಜನರು ದಿನವೂ ಇಲ್ಲಿ ಇಳಿದು ಹತ್ತುತ್ತಾರೆ. ಈ ಗದ್ದಲದ ನಡುವೆ ನಿಂತಿರುವ ಕಟ್ಟಡವು ಆ ದೇಶದ ಸ್ವಾತಂತ್ರ್ಯ ಹೋರಾಟದ ಬಹುದೊಡ್ಡ ಮೊಕದ್ದಮೆಯೊಂದಕ್ಕೆ ಸಾಕ್ಷಿಯಾಗಿತ್ತು.

ಡ್ರಿಲ್ ಹಾಲ್ ಎಂಬುದು ಬ್ರಿಟಿಷ್ ಸಾಮ್ರಾಜ್ಯದುದ್ದಕ್ಕೂ ಕಾಣಸಿಗುತ್ತಿದ್ದ ಕಟ್ಟಡ ಮಾದರಿ. ಮಳೆ ಬಿಸಿಲೆನ್ನದೆ ಸೈನಿಕರಿಗೆ, ಅದರಲ್ಲೂ ಬಿಡುವಿನ ವೇಳೆಯಲ್ಲಿ ತರಬೇತಿಗೆ ಬರುವ ಸ್ವಯಂಸೇವಕ ಪಡೆಗಳಿಗೆ, ಕವಾಯತು ಮಾಡಿಸಲು ವಿಶಾಲವಾದ ಸೂರು. ಅದಕ್ಕೆ ಹೊಂದಿಕೊಂಡಂತೆ ಕಚೇರಿ, ಆಯುಧಗಳ ಉಗ್ರಾಣ. ಆಂಗ್ಲೋ-ಬೋಯರ್ ಯುದ್ಧ 1902ರಲ್ಲಿ ಮುಗಿಯುವ ಮೊದಲೇ ಚಿನ್ನದ ಗಣಿಗಳ ಈ ನಗರ ಬ್ರಿಟಿಷರ ಹಿಡಿತಕ್ಕೆ ಬಂದಿತ್ತು. 1904ರಲ್ಲಿ ನಿರ್ಮಾಣಗೊಂಡ ಈ ಭವನವು ಆ ಹಿಡಿತದ ಗುರುತಾಗಿತ್ತು. ವಾಸ್ತುವಿನ ದೃಷ್ಟಿಯಿಂದ ಅದನ್ನು ಅಪೂರ್ವವೆಂದು ಹೊಗಳುವ ಅಗತ್ಯವೇನಿಲ್ಲ. ಅದರ ಮಹತ್ವವಿರುವುದು ಅರ್ಧ ಶತಮಾನದ ನಂತರ ಅಲ್ಲಿ ನಡೆದ ಸಂಗತಿಗಳಲ್ಲಿ.

1955ರ ಜೂನ್‌ನಲ್ಲಿ ಕ್ಲಿಪ್‌ಟೌನ್‌ನಲ್ಲಿ ಸೇರಿದ ಜನತಾ ಸಮಾವೇಶವು, ದಕ್ಷಿಣ ಆಫ್ರಿಕಾ ಅಲ್ಲಿ ವಾಸಿಸುವ ಕರಿಯ, ಬಿಳಿಯರೆಲ್ಲರಿಗೂ ಸೇರಿದ್ದೆಂದು ಸಾರುವ ಸ್ವಾತಂತ್ರ್ಯ ಸನ್ನದನ್ನು ಅಂಗೀಕರಿಸಿತ್ತು. ವರ್ಣಭೇದ ಸರ್ಕಾರದ ಕಣ್ಣಿಗೆ ಅದು ರಾಜದ್ರೋಹ. 1956ರ ಡಿಸೆಂಬರ್ 5ರ ನಸುಕಿನಲ್ಲಿ ದೇಶದಾದ್ಯಂತ ಬಂಧನಗಳು ಆರಂಭವಾದವು. ಕೊನೆಗೆ ಆರೋಪಿಗಳ ಸಂಖ್ಯೆ 156ಕ್ಕೆ ಮುಟ್ಟಿತು: 105 ಆಫ್ರಿಕನ್ನರು, 23 ಬಿಳಿಯರು, 21 ಭಾರತೀಯ ಮೂಲದವರು, 7 ಮಿಶ್ರ ವರ್ಣೀಯರು. ಆಲ್ಬರ್ಟ್ ಲುಟುಲಿ, ನೆಲ್ಸನ್ ಮಂಡೇಲಾ, ವಾಲ್ಟರ್ ಸಿಸುಲು, ಆಲಿವರ್ ಟಾಂಬೊ, ಲಿಲಿಯನ್ ಎನ್‌ಗೋಯಿ, ಹೆಲನ್ ಜೋಸೆಫ್ ಅವರಲ್ಲಿದ್ದರು. 1947ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರನ್ನು ಕಂಡಿದ್ದ ಡಾ. ಮಾಂಟಿ ನಾಯ್ಕರ್ ಮತ್ತು ಯುವ ನಾಯಕ ಅಹ್ಮದ್ ಕತ್ರಾಡಾ ಕೂಡ ಇದ್ದರು. ಇಷ್ಟು ಮಂದಿಯನ್ನು ಒಟ್ಟಿಗೆ ಕೂರಿಸಬಲ್ಲ ನ್ಯಾಯಾಲಯ ಇರಲಿಲ್ಲ. ಹೀಗಾಗಿ ಕವಾಯತು ಭವನವೇ ನ್ಯಾಯಾಲಯವಾಯಿತು.

ಡಿಸೆಂಬರ್ 19ರಂದು ಪ್ರಾಥಮಿಕ ವಿಚಾರಣೆ ಆರಂಭವಾದಾಗ ಧ್ವನಿವರ್ಧಕ ಇಡಲು ಅಧಿಕಾರಿಗಳು ಮರೆತಿದ್ದರು. ಅಷ್ಟು ದೊಡ್ಡ ಭವನದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಆರೋಪಿಗಳನ್ನು ತಂತಿಬಲೆಯ ದೊಡ್ಡ ಪಂಜರದೊಳಗೆ ಕೂರಿಸಲಾಯಿತು. ಇದು ಅಪಾಯಕಾರಿ ಪ್ರಾಣಿ, ಆಹಾರ ಕೊಡಬೇಡಿ ಎಂಬ ಅರ್ಥದ ಚೀಟಿಯನ್ನು ಬಂಧಿತರಲ್ಲೊಬ್ಬರು ಆ ಪಂಜರಕ್ಕೆ ಅಂಟಿಸಿದರೆಂದು ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಇಂಥ ಸ್ಥಿತಿಯಲ್ಲಿ ವಾದಿಸುವುದಿಲ್ಲವೆಂದು ವಕೀಲರು ಪಟ್ಟು ಹಿಡಿದ ಬಳಿಕ ಪಂಜರ ತೆರವಾಯಿತು. ಹೊರಗೆ ಬೀದಿಯಲ್ಲಿ ನೆರೆದ ಜನಸ್ತೋಮದ ಮೇಲೆ ಪೊಲೀಸರು ಗುಂಡು ಹಾರಿಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಜಾಮೀನಿನಲ್ಲೂ ವರ್ಣಭೇದ ಇಣುಕಿತು. ಬಿಳಿಯರಿಗೆ 250 ಪೌಂಡ್, ಭಾರತೀಯರಿಗೆ 100, ಆಫ್ರಿಕನ್ನರಿಗೆ ಹಾಗೂ ಮಿಶ್ರ ವರ್ಣೀಯರಿಗೆ ಅದಕ್ಕಿಂತಲೂ ಕಡಿಮೆ. ಮನುಷ್ಯರ ದರಪಟ್ಟಿಯನ್ನು ಸರ್ಕಾರವೇ ಬರೆದುಕೊಟ್ಟಂತಿತ್ತು.

ಮರಣದಂಡನೆಗೂ ಅವಕಾಶವಿದ್ದ ಈ ಮೊಕದ್ದಮೆಯಲ್ಲಿ ಸರ್ಕಾರ ಸುಮಾರು 12,000 ದಾಖಲೆಗಳನ್ನು ಹಾಜರುಪಡಿಸಿತು. ಅವುಗಳಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಿತ್ತು, ರಷ್ಯನ್ ಅಡುಗೆ ಪುಸ್ತಕವೂ ಇತ್ತು. ಕ್ಲಿಪ್‌ಟೌನ್ ಸಮಾವೇಶದ ಅಡುಗೆಮನೆಯಲ್ಲಿ ತೂಗುಹಾಕಿದ್ದ ‘ಮಾಂಸವಿರುವ ಸೂಪ್’, ‘ಮಾಂಸವಿಲ್ಲದ ಸೂಪ್’ ಎಂಬ ಎರಡು ಫಲಕಗಳು ಸಹ ರಾಜದ್ರೋಹದ ಪುರಾವೆಗಳಾದವು.

ಸರ್ಕಾರಕ್ಕೆ ಹೊಳೆಯದೇ ಹೋದ ಸಂಗತಿ ಬೇರೊಂದಿತ್ತು. ನಿರ್ಬಂಧದ ಆಜ್ಞೆಗಳಿಂದಾಗಿ ಈ ನಾಯಕರಲ್ಲಿ ಅನೇಕರು ವರ್ಷಗಳಿಂದ ಪರಸ್ಪರ ಭೇಟಿಯಾಗುವಂತಿರಲಿಲ್ಲ. ಬೇರೆ ಬೇರೆ ಪ್ರಾಂತ್ಯ, ಭಾಷೆ, ವರ್ಣಗಳ ಅವರನ್ನೆಲ್ಲ ಈಗ ಪ್ರಭುತ್ವವೇ ಒಂದು ಸೂರಿನಡಿ ತಿಂಗಳುಗಟ್ಟಲೆ ಕೂರಿಸಿತು. ನಿಷೇಧಿತ ಸಭೆಯೊಂದು ಪೊಲೀಸ್ ಕಾವಲಿನಲ್ಲೇ ನಡೆದಂತಾಯಿತು. ಎಲ್ಲ ಆರೋಪಿಗಳೂ ಜೊತೆಯಾಗಿ ಕಾಣುವ ಪ್ರಸಿದ್ಧ ಛಾಯಾಚಿತ್ರ ಈ ದಿನಗಳದ್ದೇ. ಕರಿಯರೂ ಬಿಳಿಯರೂ ಸಮೀಪದ ಉದ್ಯಾನದಲ್ಲಿ ಒಟ್ಟಾಗಿ ನಿಲ್ಲಲು ಅನುಮತಿ ಸಿಗಲಿಲ್ಲ. ಛಾಯಾಗ್ರಾಹಕ ಎಲಿ ವೈನ್‌ಬರ್ಗ್ ಗುಂಪು ಗುಂಪಾಗಿ ಚಿತ್ರ ತೆಗೆದು ಬಳಿಕ ಜೋಡಿಸಿದರು.

1957ರ ಡಿಸೆಂಬರ್‌ನಲ್ಲಿ ಲುಟುಲಿ ಮತ್ತು ಟಾಂಬೊ ಸೇರಿ 61 ಮಂದಿಯ ಮೇಲಿನ ಆರೋಪ ಕೈಬಿಡಲಾಯಿತು. 1958ರಲ್ಲಿ ಮುಖ್ಯ ವಿಚಾರಣೆ ಪ್ರಿಟೋರಿಯಾದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರಕ್ಕೆ ವರ್ಗವಾಯಿತು. 1961ರ ಮಾರ್ಚ್ 29ರಂದು, ಉಳಿದಿದ್ದ 30 ಆರೋಪಿಗಳೂ ನಿರ್ದೋಷಿಗಳೆಂದು ತೀರ್ಪು ಬಂದಿತು.

ಡ್ರಿಲ್ ಹಾಲ್ ಮಾತ್ರ ಮತ್ತೆ ಸೇನೆಯ ಪಾಲಾಯಿತು. ವರ್ಣಭೇದ ಆಡಳಿತ ಕೊನೆಗೊಂಡು ಸೇನೆ ಹೊರಟುಹೋದ ಬಳಿಕ ಅದು ಪಾಳುಬಿದ್ದಿತು. ನೆಲೆಯಿಲ್ಲದವರು ಅಲ್ಲಿ ಬೀಡುಬಿಟ್ಟರು. ಹೊಸ ಶತಮಾನದ ಆರಂಭದಲ್ಲಿ ಬೆಂಕಿ ಅನಾಹುತಗಳಿಂದ ಕಟ್ಟಡ ಮತ್ತಷ್ಟು ಜರ್ಜರಿತವಾಯಿತು. ಮಂಡೇಲಾ ಆರೋಪಿಯಾಗಿ ಕುಳಿತ ಜಾಗದಲ್ಲಿ, ಅವರ ಪಕ್ಷವೇ ಅಧಿಕಾರದಲ್ಲಿದ್ದಾಗ, ಸೂರಿಲ್ಲದವರು ಚಳಿ ಕಾಯಿಸಿಕೊಳ್ಳುತ್ತಿದ್ದರೆಂಬುದು ಪರಂಪರೆಯ ಕಡತಗಳಲ್ಲಿ ಸುಲಭವಾಗಿ ಅಡಗುವ ಸಂಗತಿಯಲ್ಲ.

2004ರ ವೇಳೆಗೆ ನಗರದ ಪುನರುಜ್ಜೀವನ ಕಾರ್ಯದ ಭಾಗವಾಗಿ ಸಮುಚ್ಚಯವನ್ನು ದುರಸ್ತಿ ಮಾಡಿ ಸಾರ್ವಜನಿಕ ಬಳಕೆಗೆ ಒಪ್ಪಿಸಲಾಯಿತು. ಅದೇ ವರ್ಷ ಅದೇ ನಗರದಲ್ಲಿ, ಗಾಂಧೀಜಿ ಹಾಗೂ ಮಂಡೇಲಾ ಇಬ್ಬರನ್ನೂ ಕಂಡಿದ್ದ ಹಳೆಯ ಕೋಟೆ ಸೆರೆಮನೆಯ ಆವರಣದಲ್ಲಿ ಸಂವಿಧಾನ ನ್ಯಾಯಾಲಯದ ಹೊಸ ಕಟ್ಟಡ ತೆರೆಯಿತು. ಪ್ರವಾಸಿಗರ ದಾರಿ ಅತ್ತ ತಿರುಗಿತು. ಡ್ರಿಲ್ ಹಾಲ್ ಪಾಲಿಗೆ ಬಂದದ್ದು ನೆರೆಹೊರೆಯ ಮಕ್ಕಳು, ಕಲಾವಿದರು, ಸಮಾಜಸೇವಾ ಸಂಸ್ಥೆಗಳು. ಸೇನೆಯ ಕಟ್ಟಡವೊಂದಕ್ಕೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಬೇರೆ ಇರಲಾರದು.

ಅಲ್ಲಿ 2008ರಲ್ಲಿ ಆರಂಭವಾದ ಕೆಲೆಕೆಟ್ಲಾ ಗ್ರಂಥಾಲಯವು ಮಕ್ಕಳಿಗೆ ಪುಸ್ತಕದ ಜೊತೆಗೆ ಸಂಗೀತ, ರಂಗಚಟುವಟಿಕೆಗಳನ್ನೂ ಒದಗಿಸಿತು. ಕೆಲವು ವರ್ಷಗಳ ಬಳಿಕ ಅದು ನಗರದ ಬೇರೊಂದು ಭಾಗಕ್ಕೆ ಸ್ಥಳಾಂತರಗೊಂಡಿತು. ಕೆಲೆಕೆಟ್ಲಾ ಎಂಬುದು ಸೆಪೆಡಿ ಭಾಷೆಯ ಪದ. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವಂತೆ, ಅಲ್ಲಿ ಕಥೆಗಾರರಿಗೆ ಕೇಳುಗರು ಓಗೊಡುವ ಮಾತು ಅದು.