ಮುಗಿಯದ ರೋಜಾ

ಕಟ್ಟಡ ಏಳುವ ಜಾಗದ ಮುಂದೆ ಈಗ ಮೊದಲು ಏಳುವುದು ಬಣ್ಣದ ಬೋರ್ಡು. ಅದರಲ್ಲಿ ಗಾಜಿನ ಗೋಡೆ, ಹಸಿರು ಮರ, ನೀಲಿ ಆಕಾಶ. ಕಟ್ಟಡ ಮುಗಿದ ಮೇಲೆ ನೋಡಿದರೆ ಚಿತ್ರದ ಮುಖವೇ ಬೇರೆ, ಗೋಡೆಯ ಮುಖವೇ ಬೇರೆ. ನಕ್ಷೆಯಲ್ಲಿ ಯುದ್ಧ ಬರುವುದಿಲ್ಲ, ಖಜಾನೆ ಬರಿದಾಗುವುದಿಲ್ಲ, ಕಟ್ಟಿಸುವವನಿಗೆ ಸಾವೂ ಇಲ್ಲ. ನೆಲದ ಮೇಲೆ ಇವೆಲ್ಲ ಇವೆ. ಇದಕ್ಕೆ ಸಾಕ್ಷಿ ಬೇಕಾದರೆ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಬಾರಾ ಕಮಾನಿಗೆ ಹೋಗಬೇಕು.

ಅದರ ಮೊದಲ ಹೆಸರು ಅಲಿ ರೋಜಾ. 1656ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅಲಿ ಆದಿಲ್‌ಶಾಹನ ಕಣ್ಣ ಮುಂದೆ ತಂದೆಯ ಗೋಳಗುಮ್ಮಟವಿತ್ತು. ಅದರ ಗುಮ್ಮಟದ ಹೊರ ಅಡ್ಡಳತೆಯೇ ಸುಮಾರು 44 ಮೀಟರ್. ಮಗ ಅದನ್ನೂ ಮೀರಿಸಲು ಹೊರಟ. ಎತ್ತರದ ಜಗಲಿ ಎದ್ದಿತು, ಕಪ್ಪು ಕಲ್ಲಿನ ಕಮಾನುಗಳು ಎದ್ದವು. ಗುಮ್ಮಟ ಏಳಲಿಲ್ಲ. ಮುಗಿದಿದ್ದರೆ ಅದರ ಮುಖ ಹೇಗಿರುತ್ತಿತ್ತೋ! ಅದೇ ಊರಿನಲ್ಲಿರುವ ಅಜ್ಜನ ಇಬ್ರಾಹಿಂ ರೋಜಾದ ಮಿನಾರುಗಳನ್ನು, ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಲ್ಲಿನ ಕಿಟಕಿಗಳನ್ನು ನೋಡಿ ಒಂದಿಷ್ಟು ಊಹಿಸಬಹುದು, ಅಷ್ಟೇ. 1672ರಲ್ಲಿ ಅಲಿ ತೀರಿಕೊಂಡ. ಆ ಬಯಲಿನಲ್ಲೇ, ಆಕಾಶದ ಕೆಳಗೆ ಅವನ ಗೋರಿಯಿದೆ.

ಹೊಸ ಇಮಾರತ್ತಿನ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ತಂದೆಯೇ ಕೆಲಸ ನಿಲ್ಲಿಸಿದನೆಂದು ಒಂದು ಕಥೆ ಹೇಳುತ್ತದೆ. ಕಥೆ ಚೆನ್ನಾಗಿದೆ. ಆದರೆ ತಂದೆ 1656ರಲ್ಲೇ ತೀರಿಹೋಗಿದ್ದ. ಬರಿಯ ಕಮಾನುಗಳನ್ನು ಕಂಡವರು ಇನ್ನೊಂದು ಮಾತನ್ನೂ ಸುಲಭವಾಗಿ ನಂಬಿಬಿಡುತ್ತಾರೆ: ಯಾರೋ ಶತ್ರುಗಳು ಕೆಡವಿರಬೇಕು. ಯಾರು ಎಂಬ ಪ್ರಶ್ನೆಗೆ ಅವರವರ ಮನಸ್ಸಿನಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಇತಿಹಾಸ ಅಷ್ಟು ಸರಳವಾಗಿಲ್ಲ. 1657ರಲ್ಲಿ ಔರಂಗಜೇಬನ ಫೌಜು ಬೀದರ್, ಕಲ್ಯಾಣಗಳನ್ನು ಕಿತ್ತುಕೊಂಡಿತು. 1659ರಲ್ಲಿ ಅಫಜಲಖಾನ ಪ್ರತಾಪಗಡದಲ್ಲಿ ಶಿವಾಜಿಯ ಕೈಯಲ್ಲಿ ಹತನಾದ. 1665ರ ಕೊನೆಗೆ ಮೊಗಲ್ ದಂಡು ರಾಜಧಾನಿಯ ಹತ್ತಿರಕ್ಕೇ ಬಂದಾಗ, ಅದಕ್ಕೆ ನೀರು ಸಿಗಬಾರದೆಂದು ಬಿಜಾಪುರದವರೇ ಸುತ್ತಲಿನ ಕೆರೆಬಾವಿಗಳನ್ನು ಹಾಳುಮಾಡಿದರು. ಆ ದಂಡಿನ ಮುಂದಾಳು ರಜಪೂತ ಜಯಸಿಂಗ್. ಶಿವಾಜಿಯೂ ಆಗ ಅದೇ ಪಾಳಯದಲ್ಲಿದ್ದ. ಅವನ ಮಲತಮ್ಮ ವೆಂಕೋಜಿ ಬಿಜಾಪುರದ ಪರ ಕಾದಿದ. ಧರ್ಮದ ಗೆರೆ ಎಳೆದು ಈ ಯುದ್ಧವನ್ನು ಎರಡು ಪಾಲು ಮಾಡಲು ಬರುವುದಿಲ್ಲ. ಅಲಿಯ ನಂತರ ಪಟ್ಟವೇರಿದ ಸಿಕಂದರ್ ಇನ್ನೂ ಎಳೆಯ ಮಗು. 1686ರಲ್ಲಿ ರಾಜ್ಯವೇ ಔರಂಗಜೇಬನ ವಶವಾಯಿತು. ರೋಜಾ ಮುಗಿಸುವವರು ಯಾರು?

ಅಲಿ ಕವಿಯೂ ಆಗಿದ್ದ. 'ಶಾಹಿ' ಎಂಬ ಹೆಸರಿನಲ್ಲಿ ದಖನಿಯಲ್ಲಿ ಬರೆದ. ಅವನ ಆಸ್ಥಾನದ ನುಸ್ರತಿ ಅವನ ಕಾಲದ ಯುದ್ಧಗಳನ್ನೇ 'ಅಲಿನಾಮಾ'ದಲ್ಲಿ ಹಾಡಿದ. ಅದೇ ಯುದ್ಧಗಳ ನಡುವೆ ಕಾವ್ಯ ಮುಗಿಯಿತು, ಕಲ್ಲಿನ ಕೆಲಸ ಉಳಿಯಿತು.

ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಂದು ಮಾತನ್ನು ತಪ್ಪದೆ ಹೇಳೋಣ: ಇದು ಕೆಡವಿದ್ದಲ್ಲ, ಮುಗಿಯದೆ ಉಳಿದದ್ದು. ಈ ಎರಡು ಮಾತುಗಳ ನಡುವೆ ಬಹಳ ಅಂತರವಿದೆ. ಮೊದಲನೆಯದು ಸೇಡು ಕಲಿಸುತ್ತದೆ. ಎರಡನೆಯದು ಮನುಷ್ಯನ ಮಿತಿಯನ್ನು ನೆನಪಿಸುತ್ತದೆ.