ಬಸುರಿಯ ನೋವಿಗೆ ಅಂಗಡಿಯ ಮಾತ್ರೆ

ಹೊಸಕೋಟೆ ತಾಲ್ಲೂಕಿನ ನಂದಗುಡಿಯಂಥ ಹೋಬಳಿಗಳಲ್ಲಿ ಬಸುರಿಯ ಸೊಂಟನೋವಿಗೆ ಹಿಂದೆ ಸೂಲಗಿತ್ತಿಯೇ ವೈದ್ಯೆ. ಎಣ್ಣೆ ನೀವುವುದು, ಬಿಸಿನೀರು ಹುಯ್ಯುವುದು ಅವಳ ಚಿಕಿತ್ಸೆ. ಆ ಪರಂಪರೆಯ ದೊಡ್ಡ ಹೆಸರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ನರಸಮ್ಮನವರ ಕಾಲದಲ್ಲೇ ಹಳ್ಳಿಯ ಚಿಲ್ಲರೆ ಅಂಗಡಿಗೆ ಬೀಡಿ, ಬೆಂಕಿಪೊಟ್ಟಣದ ಜೊತೆ ಅನಾಸಿನ್, ಸಾರಿಡಾನ್ ಬಂದವು. ತಲೆನೋವಿಗೆ ತಂದ ಮಾತ್ರೆಯನ್ನು ಮೈಕೈ ನೋವಿಗೂ ನುಂಗುವುದು ರೂಢಿಯಾಯಿತು.

ಮಾತ್ರೆ ಮೊದಲು, ತಿಳಿವಳಿಕೆ ಆಮೇಲೆ ಎಂಬುದೇ ಈ ಚರಿತ್ರೆಯ ಉದ್ದಕ್ಕೂ ಕಾಣುವ ಸಂಗತಿ. ಜರ್ಮನಿಯ ಬೇಯರ್ ಕಂಪನಿ ಆಸ್ಪಿರಿನ್ ಮಾರಲು ತೊಡಗಿದ್ದು 1899ರಲ್ಲಿ. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗದಂತೆ ತಡೆದು ಅದು ನೋವು ತಗ್ಗಿಸುತ್ತದೆಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ನಡುವೆ, 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬಸುರಿಯರು ವಾಕರಿಕೆಗೂ ನುಂಗಿದರು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಊನವಾಗಿಯೋ ಬೇರೆ ದೋಷಗಳೊಂದಿಗೋ ಹುಟ್ಟಿದ್ದಾರೆಂಬ ಅಂದಾಜಿದೆ. 1961ರಲ್ಲಿ ಜರ್ಮನಿಯಲ್ಲಿ ಅದನ್ನು ಹಿಂಪಡೆಯಲಾಯಿತು. ತಾಯಿ ನುಂಗಿದ್ದು ಕೂಸಿಗೂ ಮುಟ್ಟುತ್ತದೆಂದು ಲೋಕ ಅರಿತದ್ದು ಇಷ್ಟು ಬೆಲೆ ತೆತ್ತ ಮೇಲೆ.

ನೋವಿಗೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್ ಗರ್ಭದಲ್ಲಿ ಕಾವಲುಗಾರನೂ ಹೌದು. ಇನ್ನೂ ಉಸಿರಾಡದ ಕೂಸಿನ ರಕ್ತ ಶ್ವಾಸಕೋಶಕ್ಕೆ ಹೋಗದೆ ಬಳಸುದಾರಿಯಲ್ಲಿ ಸಾಗಲು ಒಂದು ನಾಳವಿದೆ. ಅದನ್ನು ತೆರೆದಿಡುವುದು ಇದೇ ವಸ್ತು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಇದನ್ನು ತಡೆದರೆ, ಕೊನೆಯ ತಿಂಗಳುಗಳಲ್ಲಿ ಆ ನಾಳ ಅವಧಿಗೆ ಮುನ್ನವೇ ಮುಚ್ಚಿಕೊಳ್ಳಬಹುದು. ಕೂಸಿನ ಮೂತ್ರಪಿಂಡದ ಕೆಲಸ ಕುಗ್ಗಿ ಗರ್ಭದ ನೀರೂ ಕಡಿಮೆಯಾಗಬಹುದು. ಹೀಗಾಗಿ 20 ವಾರದ ನಂತರ ಇಂಥ ಮಾತ್ರೆ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಎಚ್ಚರಿಸಿತು.

ಉಳಿದದ್ದು ಪ್ಯಾರಾಸಿಟಮಾಲ್. ಅದರಿಂದ ಆಟಿಸಂ ಬರುತ್ತದೆಂಬ ಗುಲ್ಲು 2025ರಲ್ಲಿ ಅಮೆರಿಕದಿಂದ ಎದ್ದಿತು. ಆದರೆ ಸ್ವೀಡನ್ನಿನ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿ, ಒಡಹುಟ್ಟಿದವರನ್ನೇ ಹೋಲಿಸಿದ 2024ರ ಅಧ್ಯಯನದಲ್ಲಿ ಅಂಥ ನಂಟು ಕಂಡಿರಲಿಲ್ಲ. ಜ್ವರವನ್ನು ಹಾಗೇ ಬಿಟ್ಟರೂ ಕೂಸಿಗೆ ಅಪಾಯವೇ.

ಈಗ ಬಸುರಿಯ ಕೈಯಲ್ಲಿ ತಾಯಿ ಕಾರ್ಡ್ ಇದೆ, ಊರಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ. ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳುವಾಗ ಎಷ್ಟನೇ ತಿಂಗಳೆಂದು ಮೊದಲೇ ಹೇಳಬೇಕು. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಬೆರೆತ ಮಾತ್ರೆಗಳೂ ಇರುವುದರಿಂದ ಪಟ್ಟಿಯ ಹಿಂಬದಿ ಓದಿಸಿಕೊಳ್ಳಬೇಕು. ಬಿಪಿ ಏರುವ ಭಯಕ್ಕೆ ಡಾಕ್ಟರು ಬರೆದ ಸಣ್ಣ ಪ್ರಮಾಣದ ಆಸ್ಪಿರಿನ್ ಅನ್ನು ಮಾತ್ರ, ಅವರನ್ನು ಕೇಳದೆ ನಿಲ್ಲಿಸಬಾರದು.